ಶಿಲಾಪದರಗಳನ್ನು ಓದುವುದು ಹೇಗೆ: ಬುಡದಿಂದ ತುದಿಯವರೆಗೆ ಹಂತ ಹಂತದ ಮಾರ್ಗದರ್ಶಿ

ಫೀಲ್ಡ್‌ನಿಂದ ವಾಪಸು ಬಂದವರ ನೋಟ್‌ಬುಕ್ ತೆರೆದರೆ ತಪ್ಪು ಬಹುತೇಕ ಮೊದಲ ಪುಟದಲ್ಲೇ ಸಿಗುತ್ತದೆ. ‘ನದಿ ತಂದು ಹಾಕಿದ ಮರಳುಗಲ್ಲು’ ಎಂದು ಬರೆದಿರುತ್ತದೆ. ಕಣ ಎಷ್ಟು ದಪ್ಪ, ಪದರ ಯಾವ ದಿಕ್ಕಿಗೆ ಎಷ್ಟು ಓರೆಯಾಗಿದೆ, ತಳದ ಅಂಚು ಹೇಗಿದೆ ಎಂಬ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಮುಂದೆ ಅನುಮಾನ ಬಂದಾಗ ಮರಳಿ ನೋಡೋಣವೆಂದರೆ ಅಲ್ಲಿರುವುದು ಊಹೆ ಮಾತ್ರ, ಕಣ್ಣಾರೆ ಕಂಡದ್ದರ ದಾಖಲೆ ಇಲ್ಲ.

ಆದ್ದರಿಂದ ಇಲ್ಲಿ ಹಂತಗಳ ಕ್ರಮಕ್ಕೇ ಹೆಚ್ಚು ಒತ್ತು ಕೊಟ್ಟಿದ್ದೇನೆ. ಯಾವುದು ಪದರ, ಅದರ ಮೇಲ್ಮುಖ ಯಾವುದು ಎಂಬ ಎರಡು ಪ್ರಶ್ನೆಗಳು ಬಗೆಹರಿಯುವ ತನಕ ದಪ್ಪ ಅಳೆಯಬೇಡಿ, ವಯಸ್ಸಿನ ಮಾತೆತ್ತಬೇಡಿ. ವಿಧಾನ ಮುಖ್ಯವಾಗಿ ಕಣಶಿಲೆಗಳದ್ದು, ಅಂದರೆ ಮರಳು, ಕೆಸರಿನಂಥವು ಪದರ ಪದರವಾಗಿ ಕೂತು ಗಟ್ಟಿಯಾದ ಕಲ್ಲುಗಳದ್ದು. ಲಾವಾ ಪದರಗಳಿಗೂ ಬಹುಪಾಲು ಹೊಂದುತ್ತದೆ.

ಜೊತೆಗಿರಬೇಕಾದ ಸಲಕರಣೆ

ಭೂವಿಜ್ಞಾನದ ಸುತ್ತಿಗೆ, 10 ಪಟ್ಟು ದೊಡ್ಡದಾಗಿ ತೋರಿಸುವ ಹ್ಯಾಂಡ್ ಲೆನ್ಸ್, ಕ್ಲೈನೋಮೀಟರ್ (ಓರೆಯ ಕೋನ ಅಳೆಯುವ ಸಾಧನ) ಇರುವ ಕಂಪಾಸ್, 30 ಮೀಟರ್ ಟೇಪ್, ಕಣಗಾತ್ರದ ಕಾರ್ಡ್, ಶೇಕಡಾ 10ರ ಸಾಂದ್ರತೆಯ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಡ್ರಾಪರ್ ಬಾಟಲಿ, ಮಾದರಿ ಚೀಲ, ಅಳಿಸದ ಮಾರ್ಕರ್, ಗಟ್ಟಿ ರಟ್ಟಿನ ನೋಟ್‌ಬುಕ್, ಪೆನ್ಸಿಲ್. ಪೆನ್ ಬೇಡ, ಒಂದು ಮಳೆಗೆ ಇಡೀ ದಿನದ ಬರಹ ಕಲಸಿಹೋಗುತ್ತದೆ. ಹೆಲ್ಮೆಟ್ ಮತ್ತು ಕಣ್ಣಿಗೆ ಸುರಕ್ಷಾ ಕನ್ನಡಕ ಇಲ್ಲದೆ ಸುತ್ತಿಗೆ ಎತ್ತಬೇಡಿ. ಒಂದು ಸುತ್ತಿಗೆಯನ್ನು ಉಳಿಯಂತೆ ಹಿಡಿದು ಇನ್ನೊಂದು ಸುತ್ತಿಗೆಯಿಂದ ಹೊಡೆಯಬೇಡಿ, ಉಕ್ಕಿನ ಚೂರು ಸಿಡಿದು ಕಣ್ಣಿಗೆ ಬೀಳುತ್ತದೆ.

ಮೊಬೈಲಿನ ಕ್ಲೈನೋಮೀಟರ್ ಆ್ಯಪ್ ಓರೆ ಅಳೆಯಲು ಸಾಕು. ದಿಕ್ಕಿನ ವಿಷಯದಲ್ಲಿ ನಾನು ಅದನ್ನು ನಂಬುವುದಿಲ್ಲ, ದಿಕ್ಕಿಗೆ ಕಂಪಾಸೇ ಬೇಕು.

ಹಂತ 1: ಮೊದಲು ದೂರ ನಿಂತು ನೋಡಿ

ಬಂಡೆಯ ಮುಖ ಪೂರ್ತಿ ಕಣ್ಣಿಗೆ ಬೀಳುವಷ್ಟು ಹಿಂದೆ ಸರಿಯಿರಿ. ಮೇಲೆ ಸಡಿಲ ಕಲ್ಲು ನೇತಾಡುತ್ತಿದೆಯೇ, ಬುಡದಲ್ಲಿ ಹೊಸದಾಗಿ ಬಿದ್ದ ಚೂರುಗಳಿವೆಯೇ ಎಂಬುದನ್ನು ಮೊದಲು ಗಮನಿಸಿ. ಎರಡರಲ್ಲಿ ಒಂದಿದ್ದರೂ ಅದರ ಕೆಳಗೆ ಹೋಗಬೇಡಿ. ಕಡಲ ದಂಡೆಯ ಬಂಡೆಯಾದರೆ ಭರತದ ಸಮಯ ತಿಳಿದುಕೊಂಡೇ ಇಳಿಯಿರಿ.

ಬಳಿಕ ಒಂದು ರೇಖಾಚಿತ್ರ ಬಿಡಿಸಿ. ಚೆಂದವಾಗಿ ಬರಬೇಕೆಂದೇನಿಲ್ಲ. ಅಳತೆಯ ಗುರುತು, ನೀವು ನೋಡುತ್ತಿರುವ ದಿಕ್ಕು, ಎದ್ದು ಕಾಣುವ ಗೆರೆಗಳು, ಪೊದೆ ಅಥವಾ ಮಣ್ಣು ಮುಚ್ಚಿರುವ ಜಾಗ ಇವಿಷ್ಟು ಇರಲಿ. ಫೋಟೊ ಇದೆಯಲ್ಲ ಎಂದು ಇದನ್ನು ಬಿಡುವವರೇ ಹೆಚ್ಚು. ಫೋಟೊ ಎಲ್ಲವನ್ನೂ ಒಂದೇ ಸಮನೆ ಹಿಡಿಯುತ್ತದೆ. ಚಿತ್ರ ಬಿಡಿಸುವಾಗಲಾದರೆ ಯಾವ ಗೆರೆ ಮುಖ್ಯ ಎಂದು ನೀವೇ ತೀರ್ಮಾನಿಸಬೇಕಾಗುತ್ತದೆ, ಕಣ್ಣು ಪಳಗುವುದು ಅಲ್ಲೇ.

ಹಂತ 2: ಪದರ ಯಾವುದು, ಬಿರುಕು ಯಾವುದು

ಬಂಡೆಯಲ್ಲಿ ಸಮಾನಾಂತರವಾಗಿ ಹರಿದ ಗೆರೆಗಳೆಲ್ಲ ಪದರಗಳಲ್ಲ. ಮೋಸ ಮಾಡುವವು ಮುಖ್ಯವಾಗಿ ಮೂರು.

ಮೊದಲನೆಯದು ಬಿರುಕು. ಬಿರುಕಿನ ಎರಡೂ ಬದಿಯಲ್ಲಿ ಒಂದೇ ಕಲ್ಲು, ಒಂದೇ ಗಾತ್ರದ ಕಣ ಇರುತ್ತದೆ. ಪದರದ ಅಂಚಾದರೆ ಅದನ್ನು ದಾಟುತ್ತಿದ್ದಂತೆ ಏನಾದರೊಂದು ಬದಲಾಗುತ್ತದೆ: ಕಣದ ಗಾತ್ರ, ಖನಿಜ, ಗಟ್ಟಿತನ, ಪಳೆಯುಳಿಕೆ. ಗೆರೆಯ ಮೇಲೊಮ್ಮೆ ಕೆಳಗೊಮ್ಮೆ ಲೆನ್ಸ್ ಇಟ್ಟು ನೋಡಿ. ವ್ಯತ್ಯಾಸ ಕಾಣದಿದ್ದರೆ ಅದನ್ನು ಪದರವೆಂದು ಬರೆಯಬೇಡಿ.

ಎರಡನೆಯದು ಬಣ್ಣದ ಪಟ್ಟಿ. ಕಬ್ಬಿಣದ ಅಂಶವಿರುವ ನೀರು ಮರಳುಗಲ್ಲಿನಲ್ಲಿ ಜಿನುಗಿ ಕೆಂಪು, ಹಳದಿ ಬಳೆಗಳನ್ನು ಬಿಟ್ಟಿರುತ್ತದೆ. ಇವು ನಿಜವಾದ ಪದರಗಳನ್ನು ಅಡ್ಡಹಾಯ್ದು ಹೋಗುತ್ತವೆ. ಬಣ್ಣವನ್ನು ಮನಸ್ಸಿನಲ್ಲೇ ಅಳಿಸಿ, ಕಣಗಳನ್ನು ಮಾತ್ರ ಹಿಂಬಾಲಿಸಿ.

ಮೂರನೆಯದು ಸ್ಲೇಟ್‌ನಂಥ ಕಲ್ಲುಗಳ ಸೀಳು. ಒತ್ತಡಕ್ಕೆ ಸಿಕ್ಕ ಕಲ್ಲು ಹಾಳೆಗಳಂತೆ ಸೀಳುತ್ತದೆ. ಆ ಹಾಳೆಗಳು ಮೂಲ ಪದರಕ್ಕೆ ಯಾವ ಕೋನದಲ್ಲಿ ಬೇಕಾದರೂ ಇರಬಹುದು.

ಮೇಲಿಂದ ಉರುಳಿ ಬಂದ ದೊಡ್ಡ ಬಂಡೆಯನ್ನು ಅಲ್ಲೇ ಹುಟ್ಟಿದ್ದೆಂದು ಅಳೆಯುವುದು ಇನ್ನೊಂದು ಸಾಮಾನ್ಯ ತಪ್ಪು. ಅಕ್ಕಪಕ್ಕದ ಬಂಡೆಗಳ ಓರೆಯೊಂದಿಗೆ ಅದರ ಓರೆ ಹೊಂದುತ್ತದೆಯೇ, ಬುಡ ನೆಲದೊಂದಿಗೆ ಕೂಡಿದೆಯೇ ನೋಡಿ.

ಹಂತ 3: ಓರೆ ಅಳೆಯಿರಿ

ಪದರದ ಮೇಲ್ಮೈ ನಿಂತ ನೀರಿನಂಥ ಸಮತಲದೊಂದಿಗೆ ಕೂಡುವ ಗೆರೆಯ ದಿಕ್ಕು ಸ್ಟ್ರೈಕ್. ಅದಕ್ಕೆ ಲಂಬವಾಗಿ ಪದರ ಇಳಿಯುವ ಕೋನ ಡಿಪ್. ಇಳಿಜಾರಿನ ದಿಕ್ಕು ಗೊತ್ತಾಗದಿದ್ದರೆ ಪದರದ ನುಣುಪು ಮೇಲ್ಮೈ ಮೇಲೆ ಒಂದು ಹನಿ ನೀರು ಬಿಡಿ. ಅದು ಹರಿದದ್ದೇ ಡಿಪ್‌ನ ದಿಕ್ಕು. ನೋಟ್‌ಬುಕ್ಕಿನಲ್ಲಿ ‘ಸ್ಟ್ರೈಕ್ 045°, ಡಿಪ್ 30°, ಆಗ್ನೇಯಕ್ಕೆ’ ಎಂದು ದಿಕ್ಕಿನ ಹೆಸರನ್ನೂ ಸೇರಿಸಿ ಬರೆಯಿರಿ. ದಿಕ್ಕು ಬಿಟ್ಟರೆ ಅದೇ ಅಂಕಿಗಳು ವಾಯವ್ಯಕ್ಕೆ ಬಾಗಿದ ಪದರಕ್ಕೂ ಹೊಂದುತ್ತವೆ.

ಬಂಡೆಯ ಕಡಿದ ಮುಖದಲ್ಲಿ ಕಾಣುವ ಓರೆಯನ್ನೇ ಡಿಪ್ ಎಂದು ಬರೆಯಬೇಡಿ. ಆ ಮುಖ ಸ್ಟ್ರೈಕ್‌ಗೆ ಸರಿಯಾಗಿ ಲಂಬವಾಗಿಲ್ಲದಿದ್ದರೆ ಕಾಣುವ ಓರೆ ನಿಜವಾದದ್ದಕ್ಕಿಂತ ಕಡಿಮೆಯೇ ಇರುತ್ತದೆ. ಸ್ಟ್ರೈಕ್‌ಗೆ ಸಮಾನಾಂತರವಾಗಿ ಕಡಿದ ಮುಖದಲ್ಲಿ ಕಡಿದಾದ ಪದರವೂ ಅಡ್ಡ ಮಲಗಿದಂತೆ ಕಾಣುತ್ತದೆ.

ಎಚ್ಚರಿಕೆಯ ಸೂಚನೆ: ಒಂದೇ ಪದರದ ಮೇಲೆ ಮೂರು ಕಡೆ ಅಳೆದಾಗ ದಿಕ್ಕು ಮನಬಂದಂತೆ ಬದಲಾಗುತ್ತಿದ್ದರೆ ಪಕ್ಕದಲ್ಲಿ ಸುತ್ತಿಗೆ ಇದೆಯೇ, ಕಲ್ಲಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಾಂತೀಯ ಖನಿಜ ಇದೆಯೇ ನೋಡಿ. ಎರಡೂ ಸೂಜಿಯನ್ನು ಎಳೆಯುತ್ತವೆ. ಕಂಪಾಸಿನಲ್ಲಿ ಆ ಸ್ಥಳದ ಕಾಂತೀಯ ದಿಕ್ಪಾತವನ್ನು (ಸೂಜಿ ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ಕೋನ) ಹೊಂದಿಸಿದ್ದೀರಾ ಎಂಬುದನ್ನೂ ಆಗಲೇ ಪರೀಕ್ಷಿಸಿ.

ಹಂತ 4: ಮೇಲ್ಮುಖ ಯಾವುದೆಂದು ಸಾಬೀತು ಮಾಡಿ

ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎಂಬ ನಿಯಮ ಎಲ್ಲರಿಗೂ ಗೊತ್ತು. ಪದರ ಹುಟ್ಟಿದಾಗ ಇದ್ದಂತೆಯೇ ಈಗಲೂ ಇದ್ದರೆ ಮಾತ್ರ ಅದು ನಡೆಯುತ್ತದೆ. ಮಡಿಕೆ ಬಿದ್ದ ಪ್ರದೇಶಗಳಲ್ಲಿ ಪದರಗಳು ಪೂರ್ತಿ ಮಗುಚಿರಬಹುದು. ಆಗ ಕೆಳಗಿರುವುದೇ ಹೊಸದು. ಈ ಹಂತಕ್ಕೆ ಅವಸರ ಮಾಡಬೇಡಿ, ಅರ್ಧ ದಿನ ಹಿಡಿದರೂ ಹಿಡಿಯಲಿ. ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಲೆಕೆಳಗು.

ಕ್ರಾಸ್ ಬೆಡಿಂಗ್ ಒಳ್ಳೆಯ ಸಾಕ್ಷಿ. ಮರಳುಗಲ್ಲಿನ ಒಂದು ಪದರದ ಒಳಗೆ ಓರೆ ಗೆರೆಗಳ ಕಟ್ಟು ಕಂಡರೆ ಕಣ್ಣನ್ನು ಹತ್ತಿರ ತನ್ನಿ. ಒಂದು ಗೆರೆಯನ್ನು ಬೆರಳಿನಿಂದ ಹಿಂಬಾಲಿಸಿ. ಒಂದು ತುದಿಯಲ್ಲಿ ಅದು ಮೆಲ್ಲಗೆ ಬಾಗಿ, ಪದರದ ಅಂಚಿಗೆ ಒರಗಿ, ಅದರಲ್ಲೇ ಕರಗಿದಂತೆ ಮುಗಿಯುತ್ತದೆ. ಇನ್ನೊಂದು ತುದಿಯಲ್ಲಿ ಚಾಕುವಿನಿಂದ ಕತ್ತರಿಸಿದಂತೆ ಥಟ್ಟನೆ ನಿಲ್ಲುತ್ತದೆ. ಕತ್ತರಿಸಿದ ತುದಿ ಮೇಲ್ಭಾಗ. ಮರಳಿನ ದಿಬ್ಬದ ನೆತ್ತಿಯನ್ನು ಆಮೇಲೆ ಬಂದ ಪ್ರವಾಹವೋ ಗಾಳಿಯೋ ಸವರಿಕೊಂಡು ಹೋಗಿರುತ್ತದೆ, ಬುಡ ಮಾತ್ರ ಉಳಿದಿರುತ್ತದೆ. ಎರಡೂ ತುದಿಗಳು ನೇರವಾಗಿ ಒಂದೇ ರೀತಿ ಕತ್ತರಿಸಿದಂತಿದ್ದರೆ ಆ ಪದರ ಉತ್ತರ ಹೇಳುವುದಿಲ್ಲ, ಇನ್ನೊಂದನ್ನು ಹುಡುಕಿ.

ಕಣಗಳ ಶ್ರೇಣಿ ಇನ್ನೊಂದು ಸಾಕ್ಷಿ. ನೀರು ಶಾಂತವಾಗುತ್ತ ಹೋದಾಗ ದಪ್ಪ ಕಣ ಮೊದಲು ತಳ ಸೇರುತ್ತದೆ, ಸಣ್ಣದು ಆಮೇಲೆ. ಹಾಗಾಗಿ ಕಣ ಸಣ್ಣದಾಗುತ್ತ ಹೋಗುವ ದಿಕ್ಕು ಮೇಲು. ಕೆಸರು ಕಲ್ಲುಗಳ ದಟ್ಟ ಹರಿವಿನಲ್ಲಿ ಇದು ಉಲ್ಟಾ ಆಗುವುದುಂಟು, ಆದ್ದರಿಂದ ಒಂದೇ ಪದರ ನೋಡಿ ತೀರ್ಪು ಕೊಡಬೇಡಿ.

ಕೆಸರು ಒಣಗಿ ಬಿಟ್ಟ ಬಿರುಕುಗಳು ಅಡ್ಡಸೀಳಿನಲ್ಲಿ ಬೆಣೆಯಾಕಾರದಲ್ಲಿ ಕಾಣುತ್ತವೆ, ಚೂಪು ತುದಿ ಕೆಳಮುಖ. ಅಲೆಗಳು ಮೂಡಿಸಿದ ಸಾಲುಗಳಲ್ಲಿ ಚೂಪಾದ ನೆತ್ತಿ ಮೇಲ್ಮುಖ, ದುಂಡನೆಯ ತಗ್ಗು ಕೆಳಮುಖ. ನೀರಿನೊಳಗೆ ಉಕ್ಕಿದ ಲಾವಾದ ದಿಂಬುಗಳಲ್ಲಿ ಉಬ್ಬಿದ ಬೆನ್ನು ಮೇಲೆ, ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿದ ಬಾಲ ಕೆಳಗೆ.

ಕನಿಷ್ಠ ಎರಡು ಬೇರೆ ಬೇರೆ ಬಗೆಯ ಸಾಕ್ಷಿ ಒಂದೇ ಮಾತು ಹೇಳಬೇಕು. ಒಂದಕ್ಕೊಂದು ಒಪ್ಪದಿದ್ದರೆ ಎರಡರ ನಡುವೆ ಮಡಿಕೆಯೋ ಸ್ತರಭಂಗವೋ (ಕಲ್ಲು ಸೀಳಿ, ಎರಡು ಬದಿಗಳು ಒಂದಕ್ಕೊಂದು ಸರಿದ ಜಾಗ) ಅಡಗಿರಬಹುದು. ಆಗ ಅಳತೆ ನಿಲ್ಲಿಸಿ, ಅದನ್ನೇ ಹುಡುಕಿ.

ಹಂತ 5: ನಿಜವಾದ ದಪ್ಪ ಲೆಕ್ಕ ಹಾಕಿ

ಪದರದ ದಪ್ಪವೆಂದರೆ ಅದರ ತಳದಿಂದ ನೆತ್ತಿಗೆ, ಎರಡಕ್ಕೂ ಲಂಬವಾಗಿ ಇರುವ ದೂರ. ನೆಲದ ಮೇಲೆ ಟೇಪ್ ಎಳೆದಾಗ ಬರುವ ಅಂಕಿ ಅದಲ್ಲ. ಟೇಪನ್ನು ಸ್ಟ್ರೈಕ್‌ಗೆ ಲಂಬವಾಗಿ ಹಿಡಿಯಿರಿ. ನೆಲ ಸಮತಟ್ಟಾಗಿದ್ದರೆ ಟೇಪಿನ ಉದ್ದವನ್ನು ಡಿಪ್ ಕೋನದ ಸೈನ್‌ನಿಂದ ಗುಣಿಸಿ. 30° ಓರೆಯಿರುವ ಪದರಗಳ ಮೇಲೆ 40 ಮೀಟರ್ ನಡೆದಿದ್ದರೆ ದಪ್ಪ 20 ಮೀಟರ್.

ಗುಡ್ಡದ ಇಳಿಜಾರಿನಲ್ಲಿ ಅಳೆಯುವಾಗ ಇಳಿಜಾರಿನ ಕೋನವೂ ಲೆಕ್ಕಕ್ಕೆ ಬರುತ್ತದೆ. ಡಿಪ್ 25°, ಗುಡ್ಡದ ಇಳಿಜಾರು 15°, ಟೇಪ್ 20 ಮೀಟರ್ ಎಂದಿಟ್ಟುಕೊಳ್ಳಿ. ಗುಡ್ಡ ಮತ್ತು ಪದರ ಎದುರುಬದುರು ದಿಕ್ಕಿಗೆ ಇಳಿಯುತ್ತಿದ್ದರೆ ಕೋನಗಳನ್ನು ಕೂಡಿಸಬೇಕು: 40° ಸೈನ್, ದಪ್ಪ ಸುಮಾರು 12.9 ಮೀಟರ್. ಎರಡೂ ಒಂದೇ ದಿಕ್ಕಿಗೆ ಇಳಿಯುತ್ತಿದ್ದರೆ ಕಳೆಯಬೇಕು: 10° ಸೈನ್, ದಪ್ಪ ಸುಮಾರು 3.5 ಮೀಟರ್ ಮಾತ್ರ. ಟೇಪಿನ ಅಂಕಿ ಎರಡೂ ಕಡೆ ಒಂದೇ. ಅದಕ್ಕೇ ಟೇಪಿನ ಅಂಕಿ, ಡಿಪ್, ಇಳಿಜಾರು ಮೂರನ್ನೂ ಬೇರೆ ಬೇರೆಯಾಗಿ ಬರೆದಿಡಿ, ಗುಣಿಸಿದ ಉತ್ತರವನ್ನಷ್ಟೇ ಅಲ್ಲ.

ಗಿಡಗಂಟಿ ಅಥವಾ ಮಣ್ಣು ಮುಚ್ಚಿದ ಭಾಗವನ್ನು ‘ಮುಚ್ಚಿದೆ, 4 ಮೀಟರ್’ ಎಂದೇ ಬರೆಯಿರಿ. ಮೇಲೂ ಕೆಳಗೂ ಮರಳುಗಲ್ಲಿದೆ, ನಡುವೆಯೂ ಅದೇ ಇರಬೇಕು ಎಂದು ತುಂಬಿಸಬೇಡಿ. ಕೆಸರು ಗಟ್ಟಿಯಾಗಿ ಆದ ಮೆತ್ತನೆಯ ಶೇಲ್ ಬೇಗ ಸವೆದು ಮಣ್ಣಾಗುತ್ತದೆ, ಹಾಗಾಗಿ ಮುಚ್ಚಿಹೋಗುವುದು ಹೆಚ್ಚಾಗಿ ಅದೇ.

ಹಂತ 6: ಪ್ರತಿ ಪದರವನ್ನೂ ಒಂದೇ ಕ್ರಮದಲ್ಲಿ ದಾಖಲಿಸಿ

ಅತ್ಯಂತ ಹಳೆಯ ಪದರದಿಂದ ಹೊಸದರ ಕಡೆಗೆ ಸಾಗಿ. ಪುಟದ ಕೆಳತುದಿಯಿಂದ ಮೇಲಕ್ಕೆ ಕಂಬದಂತೆ ಲಾಗ್ ಬಿಡಿಸಿ. ನಿಲುವಿನಲ್ಲಿ ದಪ್ಪ, ಅಡ್ಡಕ್ಕೆ ಕಣಗಾತ್ರ. ಅಳತೆ 1:50 ಅಥವಾ 1:100 ಇದ್ದರೆ ಅನುಕೂಲ.

ಪ್ರತಿ ಪದರಕ್ಕೂ ದಪ್ಪ, ಹೊಸದಾಗಿ ಒಡೆದ ಮುಖದ ಬಣ್ಣ, ಕಣಗಾತ್ರ, ಕಣಗಳ ಆಕಾರ, ಒಳರಚನೆ, ಪಳೆಯುಳಿಕೆ, ಕೆಳ ಅಂಚು, ಮೇಲಂಚು ಎಂಬ ಕ್ರಮ ಇಟ್ಟುಕೊಳ್ಳಿ. ಏನೂ ಕಾಣದಿದ್ದರೆ ‘ಕಾಣಲಿಲ್ಲ’ ಎಂದು ಬರೆಯಿರಿ. ಖಾಲಿ ಬಿಟ್ಟರೆ ಇರಲಿಲ್ಲವೋ, ನೀವು ನೋಡಲಿಲ್ಲವೋ ಮುಂದೆ ಗೊತ್ತಾಗುವುದಿಲ್ಲ.

ಕಣಗಾತ್ರವನ್ನು ಕಾರ್ಡಿನೊಂದಿಗೆ ಹೋಲಿಸಿಯೇ ಬರೆಯಿರಿ. 2 ಮಿಲಿಮೀಟರ್‌ಗಿಂತ ದೊಡ್ಡದು ಜಲ್ಲಿಯ ಗುಂಪು. 2ರಿಂದ 0.0625 ಮಿಲಿಮೀಟರ್‌ವರೆಗೆ ಮರಳು. ಅದಕ್ಕಿಂತ ಸಣ್ಣದು ಸಿಲ್ಟ್, 0.004ಕ್ಕಿಂತ ಕಡಿಮೆಯಾದರೆ ಜೇಡಿ. ಸಿಲ್ಟ್ ಮತ್ತು ಜೇಡಿಯ ಕಣ ಲೆನ್ಸ್‌ನಲ್ಲಿ ಬೇರೆಬೇರೆಯಾಗಿ ಕಾಣುವುದು ಕಷ್ಟ. ಬೆರಳ ತುದಿಯಲ್ಲಿ ಪುಡಿ ಉಜ್ಜಿದಾಗ ಸಣ್ಣಗೆ ತರಿತರಿ ಎನಿಸಿದರೆ ಸಿಲ್ಟ್, ಬೆಣ್ಣೆಯಂತೆ ಜಾರಿದರೆ ಜೇಡಿ.

ಆಮ್ಲ ಪರೀಕ್ಷೆಯಲ್ಲಿ ಸುಣ್ಣಗಲ್ಲು ಬುರಬುರ ನೊರೆಯುಕ್ಕಿಸುತ್ತದೆ. ಅದನ್ನೇ ಹೋಲುವ, ಮೆಗ್ನೀಸಿಯಂ ಇರುವ ಡಾಲಮೈಟ್ ಹಾಗೆ ಉಕ್ಕುವುದಿಲ್ಲ, ಕೆರೆದು ಪುಡಿ ಮಾಡಿ ಹನಿ ಹಾಕಿದರೆ ಮೆಲ್ಲಗೆ ಗುಳ್ಳೆ ಏಳುತ್ತದೆ. ನೊರೆ ಬಂತೆಂದ ಮಾತ್ರಕ್ಕೆ ಸುಣ್ಣಗಲ್ಲು ಎಂದು ಬರೆಯಬೇಡಿ. ಮರಳುಗಲ್ಲಿನ ಕಣಗಳನ್ನು ಅಂಟಿಸಿರುವ ಕ್ಯಾಲ್ಸೈಟ್ (ಸುಣ್ಣಗಲ್ಲಿನ ಮುಖ್ಯ ಖನಿಜ) ಕೂಡ ನೊರೆಯುತ್ತದೆ. ಹನಿ ಹಾಕಿ ತಕ್ಷಣ ಲೆನ್ಸ್‌ನಲ್ಲಿ ನೋಡಿ, ಗುಳ್ಳೆ ಏಳುತ್ತಿರುವುದು ಕಣದಿಂದಲೋ ಕಣಗಳ ಸಂದಿಯಿಂದಲೋ ಎಂದು. ಹನಿ ಬೀಳಬೇಕಾದದ್ದು ಹೊಸ ಮುಖದ ಮೇಲೆ, ಮಳೆಬಿಸಿಲು ತಿಂದ ಹೊರಪದರದ ಮೇಲಲ್ಲ. ಆಮ್ಲ ಹಾಕಿದ ಮುಖವನ್ನು ಮೂಸಿ ನೋಡಬೇಡಿ.

ಮಾದರಿ ಒಡೆದ ತಕ್ಷಣ, ಅದನ್ನು ಚೀಲಕ್ಕೆ ಹಾಕುವ ಮುನ್ನವೇ, ಕಲ್ಲಿನ ಮೇಲೆ ಮೇಲ್ಮುಖದ ಬಾಣ ಮತ್ತು ಸಂಖ್ಯೆ ಬರೆಯಿರಿ. ಅದೇ ಸಂಖ್ಯೆ ಲಾಗ್‌ನಲ್ಲೂ ಇರಲಿ. ಸಂರಕ್ಷಿತ ತಾಣಗಳಲ್ಲಿ ಸುತ್ತಿಗೆ ಹೊರತೆಗೆಯಲೇಬೇಡಿ.

ಹಂತ 7: ಪದರಗಳ ನಡುವಿನ ಅಂಚನ್ನು ಓದಿ

ಪದರದಷ್ಟೇ ಮಾಹಿತಿ ಅದರ ಅಂಚಿನಲ್ಲೂ ಇರುತ್ತದೆ. ಕೆಲವೊಮ್ಮೆ ಕಾಲದ ಹೆಚ್ಚಿನ ಭಾಗ ಕಲ್ಲಿನಲ್ಲಿರುವುದಿಲ್ಲ, ಎರಡು ಕಲ್ಲುಗಳ ನಡುವಿನ ಗೆರೆಯಲ್ಲಿರುತ್ತದೆ. ಸ್ಕಾಟ್ಲೆಂಡಿನ ಸಿಕರ್ ಪಾಯಿಂಟ್‌ನಲ್ಲಿ ಸುಮಾರು 43.5 ಕೋಟಿ ವರ್ಷ ಹಳೆಯ ಪದರಗಳು ಬಹುತೇಕ ನೆಟ್ಟಗೆ ನಿಂತಿವೆ. ಅವುಗಳ ಕೊಯ್ದ ತಲೆಗಳ ಮೇಲೆ ಸುಮಾರು 37 ಕೋಟಿ ವರ್ಷದ ಕೆಂಪು ಮರಳುಗಲ್ಲು ಮೆಲ್ಲನೆ ಓರೆಯಾಗಿ ಮಲಗಿದೆ. ಕೈಯಿಟ್ಟು ಮುಚ್ಚಬಹುದಾದ ಆ ಗೆರೆಯಲ್ಲಿ ಸುಮಾರು 6.5 ಕೋಟಿ ವರ್ಷ ಕಾಣೆಯಾಗಿದೆ.

ಅಲ್ಲಿ ಕೋನ ಬದಲಾಗಿರುವುದರಿಂದ ಯಾರ ಕಣ್ಣಿಗಾದರೂ ಬೀಳುತ್ತದೆ. ಮೇಲಿನ ಕೆಳಗಿನ ಪದರಗಳು ಸಮಾನಾಂತರವಾಗಿದ್ದಾಗಲೇ ಕಷ್ಟ. ಆಗ ಈ ಗುರುತುಗಳನ್ನು ಹುಡುಕಿ: ತಗ್ಗುದಿಣ್ಣೆಯಾಗಿ ಕೊರೆದ ಅಂಚು, ಕೆಳಗಿನ ಕಲ್ಲಿನದೇ ಚೂರುಗಳಿರುವ ಜಲ್ಲಿಪದರ, ಬೇರುಗಳ ಗುರುತು ಅಥವಾ ಸುಣ್ಣದ ಗಂಟುಗಳಿರುವ ಹಳೆಯ ಮಣ್ಣು, ಪಳೆಯುಳಿಕೆಗಳಲ್ಲಿ ಹಠಾತ್ ಬದಲಾವಣೆ.

ಪದರಗಳ ನಡುವೆ ಬ್ಯಾಸಾಲ್ಟ್ (ಶಿಲಾರಸ ತಣಿದು ಆದ ಕಪ್ಪು ಕಲ್ಲು) ಹಾಳೆ ಕಂಡರೆ ಅದು ನೆಲದ ಮೇಲೆ ಹರಿದ ಲಾವಾವೋ, ಆಮೇಲೆ ಪದರಗಳ ಸಂದಿಗೆ ನುಗ್ಗಿದ ಸಿಲ್ಲೋ ಎಂದು ನಿರ್ಧರಿಸಬೇಕು. ಲಾವಾ ತನ್ನ ಕೆಳಗಿನ ಪದರವನ್ನು ಮಾತ್ರ ಸುಡುತ್ತದೆ. ಮೇಲಿನ ಪದರ ಬರುವಷ್ಟರಲ್ಲಿ ಅದು ತಣ್ಣಗಾಗಿರುತ್ತದೆ. ಸಿಲ್ ಎರಡೂ ಕಡೆ ಸುಡುತ್ತದೆ, ಮೇಲಿನ ಪದರದ ಚೂರುಗಳನ್ನು ಒಳಗೆ ನುಂಗಿರಲೂಬಹುದು. ಆದ್ದರಿಂದ ಹಾಳೆಯ ಮೇಲಂಚಿಗೆ ಹೋಗಿ ನೋಡಿ: ಮೇಲಿನ ಶೇಲ್ ಗಟ್ಟಿಯಾಗಿ, ಬಣ್ಣಗೆಟ್ಟಿದೆಯೇ? ಹೌದಾದರೆ ಆ ಬ್ಯಾಸಾಲ್ಟ್ ತನ್ನ ಮೇಲಿರುವ ಪದರಕ್ಕಿಂತ ಹೊಸದು.

ಎಚ್ಚರಿಕೆಯ ಸೂಚನೆ: ಲಾಗ್‌ನಲ್ಲಿ ಒಂದೇ ಪದರಗಳ ಸಾಲು ಅದೇ ಕ್ರಮದಲ್ಲಿ ಎರಡನೇ ಸಲ ಬಂದರೆ ನಡುವೆ ಸ್ತರಭಂಗ ಹಾದಿರಬಹುದು. ಉಲ್ಟಾ ಕ್ರಮದಲ್ಲಿ ಬಂದರೆ ಮಡಿಕೆ.

ಹಂತ 8: ಘಟನೆಗಳನ್ನು ಸಾಲಾಗಿ ಜೋಡಿಸಿ

ಸಾಧನ ಮೂರೇ. ಮೇಲಿನದು ಹೊಸದು. ಕತ್ತರಿಸಿದ್ದು ಕತ್ತರಿಸಿಕೊಂಡದ್ದಕ್ಕಿಂತ ಹೊಸದು. ಚೂರಾಗಿ ಒಳಗೆ ಸೇರಿದ್ದು, ಅದನ್ನು ಒಳಗಿಟ್ಟುಕೊಂಡ ಕಲ್ಲಿಗಿಂತ ಹಳೆಯದು.

ಒಂದು ಕಲ್ಪಿತ ಬಂಡೆ ತೆಗೆದುಕೊಳ್ಳೋಣ. ಓರೆಯಾದ ಶೇಲ್, ಅದರ ಮೇಲೆ ಮರಳುಗಲ್ಲು, ಎರಡನ್ನೂ ಸೀಳಿದ ಸ್ತರಭಂಗ. ಅದರ ಮೇಲೆ ಅಡ್ಡಲಾಗಿ ಮಲಗಿದ ಜಲ್ಲಿಶಿಲೆ, ಸ್ತರಭಂಗ ಅದರ ತಳಕ್ಕೇ ನಿಂತಿದೆ. ಎಲ್ಲವನ್ನೂ ಸೀಳಿ ಎದ್ದಿರುವ ಬ್ಯಾಸಾಲ್ಟ್ ಗೋಡೆ. ಕ್ರಮ ಹೀಗೆ: ಶೇಲ್, ಮರಳುಗಲ್ಲು, ಆಮೇಲೆ ಓರೆಯಾಗುವುದು ಮತ್ತು ಸೀಳುವುದು, ಸವೆತ, ಜಲ್ಲಿಶಿಲೆ, ಕೊನೆಗೆ ಬ್ಯಾಸಾಲ್ಟ್. ಓರೆಯಾದದ್ದು ಮೊದಲೋ ಸೀಳಿದ್ದು ಮೊದಲೋ ಎಂಬುದಕ್ಕೆ ಇಲ್ಲಿ ಸಾಕ್ಷಿಯಿಲ್ಲ. ಇಲ್ಲವೆಂದೇ ಬರೆಯಿರಿ.

ಹಂತ 9: ಈಗ ಪರಿಸರದ ಬಗ್ಗೆ ಯೋಚಿಸಿ

ನೋಟ್‌ಬುಕ್ಕಿನ ಎಡಪುಟದಲ್ಲಿ ಕಂಡದ್ದು, ಬಲಪುಟದಲ್ಲಿ ಅದರ ಅರ್ಥ ಎಂದು ಭಾಗ ಮಾಡಿಕೊಳ್ಳಿ. ಒಂಟಿ ಪದರ ನೋಡಿ ಪರಿಸರ ಹೇಳಬೇಡಿ, ಪದರಗಳ ಸಾಲನ್ನು ನೋಡಿ. ಕೊರೆದ ತಳ, ಅದರ ಮೇಲೆ ಜಲ್ಲಿ, ಮರಳು, ಕೊನೆಗೆ ಬೇರಿನ ಗುರುತಿರುವ ಜೇಡಿ ಹೀಗೆ ಕಣ ಸಣ್ಣದಾಗುತ್ತ ಹೋದರೆ ಅಂಕುಡೊಂಕಾಗಿ ಹರಿಯುವ ನದಿ ಪಾತ್ರ ಬದಲಿಸಿದ್ದಕ್ಕೆ ಹೊಂದುತ್ತದೆ. ಜೇಡಿಯಿಂದ ಶುರುವಾಗಿ ಮೇಲಕ್ಕೆ ಕಣ ದಪ್ಪವಾಗುತ್ತ ಮರಳಿನತ್ತ ಹೋದರೆ ನದೀಮುಖಜ ಭೂಮಿ ಸಮುದ್ರದೊಳಕ್ಕೆ ಬೆಳೆದದ್ದಕ್ಕೆ ಹೊಂದುತ್ತದೆ.

ಒಂದರ ಮೇಲೊಂದು ಬಂದ ಪರಿಸರಗಳು ಒಂದು ಕಾಲದಲ್ಲಿ ಅಕ್ಕಪಕ್ಕ ಇದ್ದವು ಎಂಬ, ಜರ್ಮನ್ ಭೂವಿಜ್ಞಾನಿ ವಾಲ್ಥರ್ ಹೆಸರಿನ ನಿಯಮ ಇಲ್ಲಿ ನೆರವಾಗುತ್ತದೆ. ನಡುವೆ ಕಾಲದ ಬಿಡುವು ಇಲ್ಲದಿದ್ದರೆ ಮಾತ್ರ. ಏಳನೇ ಹಂತವನ್ನು ಇದಕ್ಕಿಂತ ಮೊದಲೇ ಮುಗಿಸಬೇಕಾದದ್ದು ಅದಕ್ಕೇ.

ಹಂತ 10: ವಯಸ್ಸು

ಕಾರ್ಬನ್-14ರಿಂದ ಸುಮಾರು 50,000 ವರ್ಷಗಳ ಆಚೆಗೆ ಹೋಗಲಾಗದು. ಅದು ಬೇಕಾದದ್ದು ಒಂದು ಕಾಲದ ಜೀವಿಗಳ ಅವಶೇಷಕ್ಕೆ, ಕಲ್ಲಿಗಲ್ಲ. ಹಳೆಯ ಪದರಗಳ ನಡುವೆ ಜ್ವಾಲಾಮುಖಿಯ ಬೂದಿಪದರ ಸಿಕ್ಕರೆ ಅದರಲ್ಲಿನ ಜಿರ್ಕಾನ್ ಎಂಬ ಖನಿಜದ ಹರಳುಗಳಲ್ಲಿರುವ ಯುರೇನಿಯಂ ಮತ್ತು ಸೀಸದ ಪ್ರಮಾಣದಿಂದ ವಯಸ್ಸು ತಿಳಿಯಬಹುದು. ಹಿಡಿ ದಪ್ಪದ ಮಾಸಲು ಜೇಡಿಪದರವನ್ನೂ ಕಡೆಗಣಿಸಬೇಡಿ, ಅದು ಕೊಳೆತ ಬೂದಿಯಾಗಿರಬಹುದು.

ಮರಳುಗಲ್ಲಿನಲ್ಲಿ ಸಿಗುವ ಜಿರ್ಕಾನ್ ಬೇರೆ ಕತೆ. ಅದು ಯಾವುದೋ ಹಳೆಯ ಬೆಟ್ಟದಿಂದ ಕೊಚ್ಚಿ ಬಂದ ಕಣ. ಅದರ ವಯಸ್ಸು 10 ಕೋಟಿ ವರ್ಷ ಎಂದರೆ ಮರಳುಗಲ್ಲು ಅದಕ್ಕಿಂತ ಹಳೆಯದಾಗಿರಲಾರದು ಎಂದಷ್ಟೇ ಅರ್ಥ.

ನೇರವಾಗಿ ಅಳೆಯಲಾಗದ ಪದರವನ್ನು ಎರಡು ಕಡೆಯಿಂದ ಕಟ್ಟಿಹಾಕಿ. ಮೇಲಿನ ಕಲ್ಪಿತ ಬಂಡೆಯಲ್ಲಿ ಮರಳುಗಲ್ಲಿನ ನಡುವಿನ ಬೂದಿಗೆ 12 ಕೋಟಿ ವರ್ಷ, ಬ್ಯಾಸಾಲ್ಟ್ ಗೋಡೆಗೆ 9 ಕೋಟಿ ವರ್ಷ ಬಂದರೆ, ಸ್ತರಭಂಗವೂ ಜಲ್ಲಿಶಿಲೆಯೂ ಇವೆರಡರ ನಡುವಿನವು. ‘ಸರಾಸರಿ 10.5 ಕೋಟಿ’ ಎಂದು ಬರೆಯುವುದು ತಪ್ಪು.

ಪಳೆಯುಳಿಕೆಯಿಂದ ವಯಸ್ಸು ಹೇಳುವುದಾದರೆ ಒಂದೊಂದು ಪ್ರಭೇದ ಅಲ್ಪಕಾಲವಷ್ಟೇ ಉಳಿದು ಜಗತ್ತಿನ ಬಹುಭಾಗಕ್ಕೆ ಹರಡಿದ್ದ ಅಮೊನೈಟ್, ಗ್ರಾಪ್ಟೊಲೈಟ್, ಕೊನೊಡಾಂಟ್‌ಗಳಂಥ ಅಳಿದುಹೋದ ಕಡಲಜೀವಿಗಳು ಬೇಕು. ಅಂಚು ಸವೆದ, ಒಳಗೆ ಬೇರೆಯೇ ಬಗೆಯ ಮಣ್ಣು ತುಂಬಿದ ಚಿಪ್ಪು ಸಿಕ್ಕರೆ ಎಚ್ಚರ. ಅದು ಹಳೆಯ ಪದರದಿಂದ ಕಿತ್ತು ಬಂದು ಇಲ್ಲಿ ಮತ್ತೆ ಹೂತುಹೋದದ್ದಿರಬಹುದು.

ಹಂತ 11: ಬೇರೆ ಬಂಡೆಗಳೊಂದಿಗೆ ಜೋಡಿಸಿ

ಎರಡು ಕಡೆ ಒಂದೇ ಬಗೆಯ ಮರಳುಗಲ್ಲು ಕಂಡರೆ ಎರಡೂ ಒಂದೇ ಕಾಲದವು ಎಂದು ಗೆರೆ ಎಳೆಯುವುದು ಈ ಕೆಲಸದ ಕೊನೆಯ, ಬಹಳ ಹಳೆಯ ತಪ್ಪು. ಸಮುದ್ರ ಭೂಮಿಯ ಮೇಲೆ ಏರುತ್ತ ಬಂದಾಗ ದಂಡೆಯ ಮರಳೂ ಜೊತೆಗೇ ಒಳನಾಡಿಗೆ ಸರಿಯುತ್ತದೆ. ನೋಡಲು ಒಂದೇ ಹಾಳೆ, ಆದರೆ ಒಂದು ತುದಿಗಿಂತ ಇನ್ನೊಂದು ತುದಿ ಲಕ್ಷಾಂತರ ವರ್ಷ ಹೊಸದಿರಬಹುದು.

ಕಾಲದ ಗೆರೆಯನ್ನು ಥಟ್ಟನೆ ನಡೆದು ದೂರದವರೆಗೆ ಹರಡಿದ ಘಟನೆಗಳ ಮೇಲೆ ಎಳೆಯಿರಿ. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಸಿಡಿದಾಗ ಬಿದ್ದ ಬೂದಿ ಬಂಗಾಳ ಕೊಲ್ಲಿಯ ತಳದಲ್ಲೂ ಭಾರತದ ನದಿಕಣಿವೆಗಳಲ್ಲೂ ಸಿಗುತ್ತದೆ. 6.6 ಕೋಟಿ ವರ್ಷ ಹಿಂದೆ ಕ್ಷುದ್ರಗ್ರಹ ಅಪ್ಪಳಿಸಿದಾಗ ಬಿದ್ದ, ಇರಿಡಿಯಂ ಎಂಬ ಲೋಹ ಹೆಚ್ಚಿರುವ ತೆಳು ಜೇಡಿಪದರವೂ ಹಾಗೆಯೇ. ಭೂಮಿಯ ಕಾಂತಧ್ರುವ ಕೊನೆಯ ಸಲ ಅದಲುಬದಲಾದದ್ದು ಸುಮಾರು 7.7 ಲಕ್ಷ ವರ್ಷಗಳ ಹಿಂದೆ. ಅದರ ಗುರುತು ಲಾವಾದಲ್ಲೂ ಕಡಲತಳದ ಕೆಸರಿನಲ್ಲೂ ಉಳಿದಿದೆ.

ಜೋಡಣೆಯ ನಕ್ಷೆಯಲ್ಲಿ ಕಲ್ಲಿನ ಬಗೆಯನ್ನು ಸೇರಿಸುವ ಗೆರೆಯನ್ನು ಮುರಿದ ಗೆರೆಯಾಗಿ, ಕಾಲವನ್ನು ಸೇರಿಸುವ ಗೆರೆಯನ್ನು ಗಟ್ಟಿ ಗೆರೆಯಾಗಿ ಬರೆಯಿರಿ. ಒಂದು ಗಟ್ಟಿ ಗೆರೆ ಇನ್ನೊಂದನ್ನು ಎಲ್ಲಾದರೂ ದಾಟಿದರೆ ನಕ್ಷೆಯನ್ನು ತಿದ್ದಲು ಕೂರಬೇಡಿ. ನೋಟ್‌ಬುಕ್ ಹಿಡಿದು ಆ ಎರಡು ಬಂಡೆಗಳ ಹತ್ತಿರ ಮತ್ತೆ ಹೋಗಿ, ನಾಲ್ಕನೇ ಹಂತದಿಂದ ಶುರು ಮಾಡಿ.